ಡಾಲಿಬಾಯಿಯ ಸೂಜಿ

ಕಾವೂರಿನ ಕೆರೆಯ ಆಚೆ ಬದಿಯ ಆ ಓಣಿಯಲ್ಲಿ ಯಾರ ಮನೆಯ ಮಗುವಿಗೆ ಕೆಮ್ಮು ಬಂದರೂ, ಯಾರ ಅಜ್ಜನಿಗೆ ಬಿ.ಪಿ. ಏರಿದರೂ, ಡಾಕ್ಟರಿಗಿಂತ ಮೊದಲು ಡಾಲಿಬಾಯಿಯ ಗೇಟಿನ ಚಿಲಕ ಸದ್ದು ಮಾಡಬೇಕು. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಕುವೈಟಿನ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು ಎಂದ ಮೇಲೆ ಕೇಳಬೇಕೇ? ಮಾತ್ರೆ ಊಟದ ಮೊದಲೋ ನಂತರವೋ, ಸಿರಪ್ಪು ಅರ್ಧ ಚಮಚವೋ ಒಂದೋ, ಎಲ್ಲಕ್ಕೂ ಅವಳ ಬಾಯಿಂದ ಬಂದದ್ದೇ ತೀರ್ಪು. ಎದುರುಮನೆಯ ಖತೀಜಮ್ಮನಂತೂ ಡಾಕ್ಟರು ಬರೆದ ಚೀಟಿಯನ್ನು ಡಾಲಿಬಾಯಿಗೆ ತೋರಿಸಿ, ಅವಳು ತಲೆಯಾಡಿಸಿದ ಮೇಲೆಯೇ ಮೆಡಿಕಲ್ಲಿಗೆ ಹೋಗುವವಳು. ಇಷ್ಟು ಜನಕ್ಕೆ ಮದ್ದು ಹೇಳುವವಳಿಗೆ, ತಾನು ನುಂಗುವುದನ್ನೂ ಇನ್ನೊಬ್ಬರಿಗೆ ಹೇಳಬೇಕು ಎಂದು ಹೊಳೆಯಲಿಲ್ಲ. ಹೊಳೆದರೂ ಒಪ್ಪುವ ಪೈಕಿ ಅಲ್ಲ ಅವಳು. ಆ ಮನೆಯ ಫಜೀತಿ ಶುರುವಾದದ್ದೇ ಅಲ್ಲಿಂದ.

ಮನೆಯಲ್ಲಿರುವುದು ಐದು ಜನ: ಡಾಲಿ, ಗಂಡ ಪಿಯುಸ್, ಅತ್ತೆ ಸೆರಫಿನಾ ಬಾಯಿ, ಮಗ ಆನ್ಸನ್, ಸೊಸೆ ಟಾನ್ಯಾ. ಆನ್ಸನ್‌ಗೆ ಮೂರು ತುಂಬುವ ಮೊದಲೇ ಡಾಲಿ ವಿಮಾನ ಹತ್ತಿದ್ದಳು. ಪಿಯುಸ್ ಊರಿನಲ್ಲಿ ಸೈಕಲ್ ಶಾಪು ನೋಡಿಕೊಂಡ, ಸೆರಫಿನಾ ಬಾಯಿ ಮೊಮ್ಮಗನನ್ನು ನೋಡಿಕೊಂಡಳು. ಅಜ್ಜಿಯನ್ನು 'ವಡ್ಲಿಮಾಂಯ್' ಎಂದು ಕರೆಯುತ್ತ, ಅವಳ ಮಗ್ಗುಲಲ್ಲೇ ಮಲಗುತ್ತ, ಅವಳ ಕೈತುತ್ತು ತಿನ್ನುತ್ತ ಹುಡುಗ ದೊಡ್ಡವನಾದ. ಅಮ್ಮ ಎಂದರೆ ಅವನಿಗೆ ಎರಡು ವರ್ಷಕ್ಕೊಮ್ಮೆ ಚಾಕಲೇಟು ತರುವ ನೆಂಟಳು. ಈಗ ಅವನಿಗೆ ಸುರತ್ಕಲ್ಲಿನಲ್ಲಿ ಶಿಫ್ಟಿನ ಕೆಲಸ, ಹೆಂಡತಿ ಟಾನ್ಯಾಗೆ ಬಲ್ಮಠದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ.

ನಾಲ್ಕು ವರ್ಷದ ಹಿಂದೆ ಡಾಲಿ ಪೆಟ್ಟಿಗೆ ಕಟ್ಟಿಕೊಂಡು ಖಾಯಂ ಆಗಿ ಬಂದಾಗ, ತಾನು ದುಡಿದು ಕಟ್ಟಿಸಿದ ಮನೆಯಲ್ಲಿ ತನಗೊಂದು ಮೂಲೆಯಿರಲಿಲ್ಲ. ಬಾಫಾತಿನ ಮಸಾಲೆ ಪುಡಿ ಎಲ್ಲಿದೆ ಎಂದು ಅತ್ತೆಯನ್ನು ಕೇಳಬೇಕು, ಮಗನಿಗೆ ಬಂಗುಡೆ ಹುರಿದದ್ದು ಇಷ್ಟವೋ ಸಾರು ಇಷ್ಟವೋ ಎಂದೂ ಅತ್ತೆಯನ್ನೇ ಕೇಳಬೇಕು. ನೋವಾಗದೆ ಇರುತ್ತದೆಯೇ? ಆದರೆ ಅದೇ ವರ್ಷ ಸೆರಫಿನಾ ಬಾಯಿಯ ಸಕ್ಕರೆ ಕಾಯಿಲೆ ಮಾತ್ರೆಗೆ ಬಗ್ಗದೆ ಹೋಯಿತು. ಡಾಕ್ಟರು ಇನ್ಸುಲಿನ್ ಬರೆದರು. ಸೂಜಿ ನೋಡಿದರೆ ಪಿಯುಸ್ ಅಂಗಳಕ್ಕೆ ಓಡುವವ, ಆನ್ಸನ್ ಕಣ್ಣು ಮುಚ್ಚುವವ. ಡಾಲಿ ಸಿರಿಂಜು ಕೈಗೆ ತೆಗೆದುಕೊಂಡಳು. ಅಂದಿನಿಂದ ದಿನಾ ಬೆಳಗ್ಗೆ ಆ ಮನೆಯಲ್ಲಿ ಏಳುವ ಮೊದಲ ಕೂಗು "ಡಾಲೀ" ಎಂದಾಯಿತು. ಅತ್ತೆಯ ಹೊಟ್ಟೆಯ ಆ ಬೆರಳಗಲದ ಜಾಗದಿಂದಲೇ ತಾನು ಈ ಮನೆಯೊಳಗೆ ಬಂದದ್ದು ಎಂದು ಡಾಲಿಗೆ ಚೆನ್ನಾಗಿ ಗೊತ್ತಿತ್ತು.

ಹೋದ ವರ್ಷ ಅವಳ ತಂಗಿ ತೀರಿಕೊಂಡಳು. ಕುವೈಟಿನಲ್ಲಿ ಒಂದೇ ಕೋಣೆಯಲ್ಲಿ, ಒಂದೇ ಪಾತ್ರೆಯಲ್ಲಿ ಗಂಜಿ ಬೇಯಿಸಿ ತಿಂದ ತಂಗಿ. ಡಾಲಿ ಊಟ ಬಿಟ್ಟಳು, ಮೀನು ಹೆಚ್ಚುತ್ತ ಹೆಚ್ಚುತ್ತ ಅಳುವುದು ಶುರುವಾಯಿತು. ಟಾನ್ಯಾಳೇ ತನ್ನ ಆಫೀಸಿನ ಹತ್ತಿರದ ಮನೋವೈದ್ಯೆಯ ಹೆಸರು ಹೇಳಿದಳು. ಓಣಿಯವರಿಗೆ ಮಾತ್ರ ಕುತ್ತಿಗೆ ನೋವಿನ ಡಾಕ್ಟರು ಎಂದು ಹೇಳಿ, ಗಂಡ ಹೆಂಡತಿ ಬಲ್ಮಠಕ್ಕೆ ಹೋದರು.

"ಬೇರೆ ಎಂತಾದರೂ ಮಾತ್ರೆ ತಗೊಳ್ತೀರಾ?" ಎಂದು ಡಾಕ್ಟರಮ್ಮ ಕೇಳಿದರು.

"ಬಿ.ಪಿ.ದು ಮಾತ್ರ," ಎಂದಳು ಡಾಲಿ.

ಅದು ಸುಳ್ಳು. ಕುವೈಟಿನ ನೈಟ್ ಡ್ಯೂಟಿಯ ಕಾಲದಿಂದ ಅವಳಿಗೆ ಮಲಗುವಾಗ ಅರ್ಧ ಆಲ್ಪ್ರಜೋಲಾಂ ಬೇಕು. ಆತಂಕಕ್ಕೆ, ನಿದ್ದೆಗೆ ಕೊಡುವ ಮಾತ್ರೆ ಅದು. ಅಣ್ಣನ ಮಗ ಗ್ಲೆನ್ ಮೆಡಿಕಲ್ ಶಾಪು ಇಟ್ಟಿದ್ದಾನೆ. ಚೀಟಿ ಕೇಳದೆ, "ಆಂಟಿ ನರ್ಸ್ ಅಲ್ಲವಾ, ಅವರಿಗೆ ಗೊತ್ತಿಲ್ಲದ್ದಾ?" ಎಂದು ಕವರಿಗೆ ಹಾಕಿ ಕೊಡುತ್ತಿದ್ದ. ನರ್ಸ್ ಆದವಳು ನಿದ್ದೆ ಮಾತ್ರೆಗೆ ಅಂಟಿಕೊಂಡಿದ್ದೇನೆ ಎಂದು ಗಂಡನ ಎದುರು, ಅದೂ ತನಗಿಂತ ಸಣ್ಣ ಪ್ರಾಯದ ಡಾಕ್ಟರ ಎದುರು ಹೇಳುವುದು ಹೇಗೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಅವಳು ಸುಮ್ಮನೆ ಕೂತಳು. ಡಾಕ್ಟರಮ್ಮ ಖಿನ್ನತೆಗೆಂದು ಫ್ಲುವಾಕ್ಸಮೈನ್ ಬರೆದುಕೊಟ್ಟರು.

ಹೊಸ ಮಾತ್ರೆಯ ಮೊದಲ ದಿನಗಳಲ್ಲಿ ಎದೆಯೊಳಗೆ ಒಂದು ತರ ಚಡಪಡಿಕೆ. ಡಾಲಿ ತಾನೇ ಡಾಕ್ಟರಾಗಿ, ಬೆಳಗ್ಗೆಯೂ ಒಂದರ್ಧ ಆಲ್ಪ್ರಜೋಲಾಂ ಸೇರಿಸಿಕೊಂಡಳು. ಚಡಪಡಿಕೆ ನಿಂತಿತು, ಅದರ ಜೊತೆಗೆ ಇನ್ನೂ ಏನೇನೋ ನಿಂತುಹೋಯಿತು. ಸಂಜೆ ಎಲ್ಲರೂ ಮೊಣಕಾಲೂರಿ ಜಪಮಾಲೆ ಹೇಳುವಾಗ ಅವಳು ಅರ್ಧದಲ್ಲೇ ತೂಕಡಿಸಿ ಗೋಡೆಗೆ ಹಣೆ ಕೊಟ್ಟಳು. ಭೂತಾಯಿ ಮೀನಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು.

"ಇದೆಂತ ಡಾಲಿ, ಸಮುದ್ರದ ನೀರಲ್ಲೇ ಬೇಯಿಸಿದ್ದಾ?" ಎಂದ ಪಿಯುಸ್.

"ತಿನ್ನುವುದಾದ್ರೆ ತಿನ್ನಿ, ಇಲ್ಲದಿದ್ರೆ ಉಪ್ಪಿನಕಾಯಿ ಉಂಟು."

"ಮಮ್ಮಿ, ನಿಮ್ಮ ಮಾತು ಎಳೀತಾ ಉಂಟು," ಎಂದಳು ಟಾನ್ಯಾ. "ಡಾಕ್ಟರಿಗೊಂದು ಫೋನ್ ಮಾಡುವನಾ?"

"ನನಗೆ ನೀನು ಕಲಿಸ್ಬೇಡ. ಹೊಸ ಮಾತ್ರೆ ಮೈಗೆ ಹಿಡಿಯುವವರೆಗೆ ಹೀಗೇ."

ಆ ಮನೆಯಲ್ಲಿ ಮದ್ದಿನ ವಿಷಯಕ್ಕೆ ಡಾಲಿಗೆ ಎದುರು ಮಾತಿಲ್ಲ. ಟಾನ್ಯಾ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಅದಾಗಿ ಎರಡು ವಾರಕ್ಕೆ, ಟಾನ್ಯಾಗೆ ರಜೆಯಿದ್ದ ಶನಿವಾರ, ಆಗಬಾರದ್ದು ಆಯಿತು. ಬೆಳಗ್ಗೆ ಡಾಲಿ ಅತ್ತೆಗೆ ಇನ್ಸುಲಿನ್ ಕೊಟ್ಟು, ಗಂಜಿ ಬೇಯಲಿ ಎಂದು ಅಡುಗೆಮನೆಯ ಕುರ್ಚಿಯಲ್ಲಿ ಕೂತಳು. ಕೂತಲ್ಲೇ ಕಣ್ಣು ಮುಚ್ಚಿತು. ಕುಕ್ಕರಿನ ಸೀಟಿಗೆ ಎಚ್ಚರಾದಾಗ, ಅತ್ತೆಗೆ ಸೂಜಿ ಬಾಕಿ ಉಂಟಲ್ಲ ಎಂದು ಧಡಕ್ಕನೆ ಎದ್ದಳು.

"ಮಾಂಯ್, ಹೊಟ್ಟೆ ತೋರಿಸಿ."

"ಈಗ ಕೊಟ್ಟಿ ಅಲ್ಲವಾ ಡಾಲಿ?"

"ಎಲ್ಲಿ ಕೊಟ್ಟೆ? ನಿಮಗೆ ನೆನಪು ಹೋಗಿದೆ."

"ಕೊಟ್ಟಿ ಮಾರಾಯ್ತಿ, ಈ ಬದಿಗೆ. ಇಕೋ, ಇಲ್ಲಿ."

"ನರ್ಸ್ ಯಾರು ಮಾಂಯ್, ನೀವಾ ನಾನಾ?"

ಈ ಪ್ರಶ್ನೆಯ ಮೇಲೆ ಆ ಮನೆಯಲ್ಲಿ ಯಾರೂ ಮಾತಾಡುವುದಿಲ್ಲ. ಮುದುಕಿ ಸುಮ್ಮನೆ ಸೆರಗು ಸರಿಸಿದಳು. ಆಮೇಲೆ ಗಂಜಿಯೂ ಅವಳಿಗೆ ಅರ್ಧವೇ ಸೇರಿತು.

ಒಣಗಿದ ಬಟ್ಟೆ ಮಡಚಿ ಇಡಲು ಕೋಣೆಗೆ ಹೋದ ಟಾನ್ಯಾ ಕಿರುಚಿದಳು. ಸೆರಫಿನಾ ಬಾಯಿ ಬೆವರಿನಲ್ಲಿ ತೊಯ್ದುಹೋಗಿದ್ದಳು, ತುಟಿ ನಡುಗುತ್ತಿತ್ತು, ಟಾನ್ಯಾಳನ್ನು ಸತ್ತುಹೋದ ಯಾವುದೋ ಅಕ್ಕನ ಹೆಸರಿನಿಂದ ಕರೆಯುತ್ತಿದ್ದಳು. ಡಾಲಿ ಗೋಡೆ ಹಿಡಿದುಕೊಂಡು ಬಂದಳು. ನೋಡಿದ ಕ್ಷಣ ಅವಳಿಗೆ ಎಲ್ಲ ತಿಳಿಯಿತು.

"ಸಕ್ಕರೆ! ಸಕ್ಕರೆ ನೀರು ತಾ! ಬೇಗ!" ಎಂದಳು. ನಾಲಗೆ ತೊದಲುತ್ತಿತ್ತು, ಕೈ ಲೋಟಕ್ಕೆ ತಾಗಿ ಲೋಟ ಉರುಳಿತು. ಟಾನ್ಯಾ ಅವಳನ್ನು ಬದಿಗೆ ಸರಿಸಿ, ತಾನೇ ಮುದುಕಿಯ ತಲೆ ಎತ್ತಿ ಹಿಡಿದು ಗುಟುಕು ಗುಟುಕಾಗಿ ಕುಡಿಸಿದಳು. ಪಿಯುಸ್ ಬರಿಗಾಲಲ್ಲಿ ರಿಕ್ಷಾ ಕರೆಯಲು ಓಡಿದ. ಆಸ್ಪತ್ರೆಯಲ್ಲಿ ಗ್ಲೂಕೋಸ್ ಏರಿಸಿದ ಮೇಲೆ ಸೆರಫಿನಾ ಬಾಯಿಗೆ ಪೂರ್ತಿ ಪ್ರಜ್ಞೆ ಬಂತು. ಡ್ಯೂಟಿ ಡಾಕ್ಟರು ಇನ್ಸುಲಿನ್ ಎಷ್ಟು ಸಲ ಕೊಟ್ಟಿರಿ ಎಂದು ಕೇಳಿದಾಗ ಡಾಲಿ ಬಾಯಿ ತೆರೆಯುವ ಮೊದಲು ಮುದುಕಿಯೇ ಎರಡು ಬೆರಳು ಎತ್ತಿ ತೋರಿಸಿದಳು.

ಸೋಮವಾರ ರಾತ್ರಿ ಊಟದ ಮೇಜಿನ ಮೇಲೆ ಪನ್‌ಪೋಳೆ ಎಂಬ ನೀರುದೋಸೆಯೂ ಕೋಳಿ ಸಾರೂ ಇತ್ತು. ಯಾರೂ ಕೈ ಹಾಕಲಿಲ್ಲ. ಸೆರಫಿನಾ ಬಾಯಿಯನ್ನು ಆಗತಾನೇ ಮನೆಗೆ ತಂದು ಮಲಗಿಸಿದ್ದರು.

"ಇನ್ನು ಮಮ್ಮಿ ಸೂಜಿ ಮುಟ್ಟಬಾರದು," ಎಂದ ಆನ್ಸನ್. "ಈ ವಾರ ಆಸ್ಪತ್ರೆಯಿಂದ ನರ್ಸ್ ಬಂದು ಕೊಡ್ತಾರೆ."

"ತಪ್ಪಾಯ್ತು ಆನ್ಸನ್," ಎಂದಳು ಡಾಲಿ.

"ತಪ್ಪಾ? ನನ್ನ ವಡ್ಲಿಮಾಂಯ್ ಸಾಯ್ತಿದ್ದಳು! ನಿನಗೆ ಅವಳು ಅತ್ತೆ ಇರಬಹುದು. ನನಗೆ ಅವಳೇ ಅಮ್ಮ. ನನಗೆ ಜ್ವರ ಬಂದಾಗ ನೀನು ಕುವೈಟಿನಲ್ಲಿ ಯಾರದೋ ಮಕ್ಕಳಿಗೆ ಇಂಜೆಕ್ಷನ್ ಕೊಡ್ತಾ ಇದ್ದಿ."

"ಆನ್ಸನ್!" ಎಂದು ಟಾನ್ಯಾ ಗದರಿದಳು.

"ಇರಲಿ, ಹೇಳ್ಲಿ," ಎಂದಳು ಡಾಲಿ. ಮುಖಕ್ಕೆ ಬಿಸಿನೀರು ಎರಚಿದ ಹಾಗಾಗಿತ್ತು ಅವಳಿಗೆ.

"ಸಿಸ್ಟರ್‌ಗಳ ವೃದ್ಧಾಶ್ರಮದಲ್ಲಿ ಕೇಳಿದ್ದೇನೆ. ಮುಂದಿನ ತಿಂಗಳ ಕೊನೆಗೆ ಒಂದು ಬೆಡ್ ಖಾಲಿ ಆಗ್ತದಂತೆ. ಅಲ್ಲಿ ವಡ್ಲಿಮಾಂಯ್‌ಯನ್ನು ಸರಿಯಾಗಿ ನೋಡಿಕೊಳ್ತಾರೆ," ಎಂದ ಆನ್ಸನ್.

"ಎಲ್ಲ ಆ ಮಂಡೆ ಡಾಕ್ಟರ ಮಾತ್ರೆಯಿಂದ!" ಪಿಯುಸ್ ಎದ್ದ. "ನಾನು ಅವತ್ತೇ ಹೇಳಿದೆ, ಈ ಮರ್ಲು ಹಿಡಿದವರ ಮದ್ದೆಲ್ಲ ಬೇಡ ಅಂತ." ಕಪಾಟಿನಿಂದ ಫ್ಲುವಾಕ್ಸಮೈನಿನ ಪೆಟ್ಟಿಗೆ ತೆಗೆದು, ಹಿತ್ತಿಲಿನ ಕಸದ ಡಬ್ಬಿಗೆ ಬಿಸಾಡಿ ಬಂದು ಕೈ ತೊಳೆದುಕೊಂಡ. ಡಾಲಿ ನೋಡುತ್ತಲೇ ಕೂತಳು. ಆಲ್ಪ್ರಜೋಲಾಮಿನ ಸ್ಟ್ರಿಪ್ಪು ಅವಳ ಹೌಸ್‌ಕೋಟಿನ ಕಿಸೆಯಲ್ಲೇ ಇತ್ತು, ಅದರ ಸುದ್ದಿ ಯಾರೂ ಎತ್ತಲಿಲ್ಲ. ಎತ್ತುವುದಕ್ಕೆ ಗೊತ್ತಿದ್ದರಲ್ಲವೇ?

ಒಳಗಿನ ಕೋಣೆಯಿಂದ ಸೆರಫಿನಾ ಬಾಯಿಯ ಕ್ಷೀಣ ಸ್ವರ ಬಂತು. "ಯಾರಿಗೆ ಬೆಡ್ಡು? ನನಗೆ ಇಲ್ಲಿ ಬೆಡ್ಡು ಉಂಟಲ್ಲ?"

ಆನ್ಸನ್ ಎದ್ದು ಹೋಗಿ ಆ ಕೋಣೆಯ ಬಾಗಿಲು ಎಳೆದು ಬಂದ.

ಮರುದಿನವಿಡೀ ಡಾಲಿ ಮನೆ ಒರೆಸಿದಳು, ಕಿಟಕಿ ಉಜ್ಜಿದಳು, ಒಗೆದ ಪರದೆಯನ್ನೇ ಮತ್ತೆ ಒಗೆದಳು. ಕೈ ಪದೇ ಪದೇ ಕಿಸೆಗೆ ಹೋಗುತ್ತಿತ್ತು. ಅದರ ಮರುದಿನ ಮಧ್ಯಾಹ್ನ ಕಿಸೆಯಿಂದ ಸ್ಟ್ರಿಪ್ಪು ತೆಗೆದು ನೋಡಿದಳು. ತನಗೆ ನೆನಪಿರುವುದಕ್ಕಿಂತ ಎಷ್ಟೋ ಹೆಚ್ಚು ಗುಳಿಗಳು ಖಾಲಿಯಾಗಿದ್ದವು. ಸೂಜಿಯನ್ನು ಮರೆತು ಎರಡು ಸಲ ಕೊಟ್ಟವಳು ಮಾತ್ರೆಯನ್ನು ಎಷ್ಟು ಸಲ ಮರೆತು ನುಂಗಿದ್ದಾಳೋ? ಹೊಸ ಮಾತ್ರೆ ಶುರುವಾಗುವ ಮೊದಲು ಹತ್ತಾರು ವರ್ಷ ಇದನ್ನೇ ನುಂಗಿದರೂ ಹೀಗಾಗಿರಲಿಲ್ಲ. ಎರಡೂ ಸೇರಿದ ಮೇಲೆ ಆದದ್ದು. ವಾರ್ಡಿನಲ್ಲಿ ಯಾವ ರೋಗಿ ಬಂದರೂ ಅವಳು ಮೊದಲು ಕೇಳುತ್ತಿದ್ದದ್ದೇ ಬೇರೆ ಏನು ಮದ್ದು ಉಂಟು ಎಂದು. ತನ್ನನ್ನು ಮಾತ್ರ ಕೇಳಿಕೊಂಡಿರಲಿಲ್ಲ. ನಾಚಿಕೆಯಿಂದ ಅವಳು ಸ್ಟ್ರಿಪ್ಪನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡಳು.

ಸಂಜೆ ಟಾನ್ಯಾ ಬಂದು ಚಪ್ಪಲಿ ಬಿಡುವ ಮೊದಲೇ ಡಾಲಿ ಸ್ಟ್ರಿಪ್ಪನ್ನು ಅವಳ ಕೈಗಿಟ್ಟಳು.

"ಎಂತ ಇದು ಮಮ್ಮಿ?"

"ಪಪ್ಪ ಬಿಸಾಡಿದ್ದು ಅರ್ಧ ಕಳ್ಳನನ್ನು. ಇದು ಇನ್ನರ್ಧ." ಎಲ್ಲವನ್ನೂ ಹೇಳಿದಳು. ಗ್ಲೆನ್‌ನ ವಿಷಯ, ಕುವೈಟಿನ ವಿಷಯ, ಡಾಕ್ಟರಿಗೆ ಹೇಳಿದ ಸುಳ್ಳು. "ನಾಳೆ ನನ್ನನ್ನು ಬಲ್ಮಠಕ್ಕೆ ಕರಕೊಂಡು ಹೋಗು. ನಾನೊಬ್ಬಳೇ ಹೋದ್ರೆ ಪುನಃ ಸುಳ್ಳು ಹೇಳ್ತೇನೆ, ನನ್ನ ಬುದ್ಧಿ ನನಗೆ ಗೊತ್ತುಂಟು."

ಟಾನ್ಯಾ ಖಾಲಿ ಗುಳಿಗಳನ್ನು ಎಣಿಸಿದಳು. ಆಮೇಲೆ, "ಆನ್ಸನ್‌ಗೆ ಯಾರು ಹೇಳುವುದು?" ಎಂದಳು.

"ನಾನೇ ಹೇಳ್ತೇನೆ. ಡಾಕ್ಟರಿಗೆ ಹೇಳಿ ಬಂದ ಮೇಲೆ."

ಡಾಕ್ಟರಮ್ಮ ಸ್ಟ್ರಿಪ್ಪನ್ನು ತಿರುಗಿಸಿ ನೋಡಿ ಕನ್ನಡಕ ತೆಗೆದಿಟ್ಟರು. "ನೀವು ನರ್ಸ್ ಅಲ್ಲವಾ ಡಾಲಿ?"

"ಹೌದು ಡಾಕ್ಟ್ರೇ. ಅದೇ ಆದದ್ದು."

"ನೋಡಿ, ಆಲ್ಪ್ರಜೋಲಾಂ ಲಿವರಿನಲ್ಲಿ ಕರಗಿ ಹೊರಗೆ ಹೋಗ್ಬೇಕು. ನಾನು ಕೊಟ್ಟ ಮಾತ್ರೆ ಆ ದಾರಿಯನ್ನೇ ತಡೀತದೆ. ಸಿಂಕಿನ ತೂತಿಗೆ ಅನ್ನ ಕಟ್ಟಿಕೊಂಡ ಹಾಗೆ. ನೀವು ಅರ್ಧ ನುಂಗಿದ್ರೂ ರಕ್ತದಲ್ಲಿ ಒಂದು ನುಂಗಿದಷ್ಟು ನಿಲ್ತದೆ. ನೀವು ಅರ್ಧಕ್ಕೂ ನಿಲ್ಲಿಸ್ಲಿಲ್ಲ. ಒಂದು ಮಾತು ಹೇಳಿದ್ರೆ ನಾನು ಬೇರೆ ಮಾತ್ರೆ ಬರೀತಿದ್ದೆ."

"ಹಾಗಾದ್ರೆ ಇದನ್ನು ಇವತ್ತೇ ಬಿಟ್ಟುಬಿಡಿಸಿ," ಎಂದಳು ಟಾನ್ಯಾ.

"ಒಮ್ಮೆಲೇ ಬಿಟ್ರೆ ಫಿಟ್ಸ್ ಬರುವ ಚಾನ್ಸ್ ಉಂಟು. ಎಷ್ಟೋ ವರ್ಷದ ಅಭ್ಯಾಸ. ನಿಮ್ಮ ಮಾವ ಆ ಮಾತ್ರೆ ಬಿಸಾಡಿದ್ದೂ ಸರಿಯಲ್ಲ, ಖಿನ್ನತೆ ಕಸದ ಡಬ್ಬಿಗೆ ಹೋಗುವುದಿಲ್ಲ." ಖಿನ್ನತೆಗೆ ಅವರು ಬೇರೆ ಮಾತ್ರೆ ಬರೆದರು. ಆಲ್ಪ್ರಜೋಲಾಮನ್ನು ವಾರ ವಾರಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸುವುದು ಎಂದಾಯಿತು. "ಮಾತ್ರೆ ಸೊಸೆಯ ಕೈಯಲ್ಲಿರಲಿ. ನಿದ್ದೆ ಬರ್ಲಿಕ್ಕಿಲ್ಲ, ಸಿಟ್ಟು ಬರ್ತದೆ, ಬೆವರ್ತದೆ. ತಡ್ಕೊಳ್ತೀರಾ?"

"ನನ್ನ ಸೂಜಿ ನನಗೆ ವಾಪಸು ಬೇಕು ಡಾಕ್ಟ್ರೇ," ಎಂದಳು ಡಾಲಿ. "ತಡ್ಕೊಳ್ತೇನೆ."

ಅಂದು ಊಟಕ್ಕೆ ಕೂತಾಗ ಡಾಲಿ ಗಂಡ ಮಗ ಇಬ್ಬರಿಗೂ ಮುಚ್ಚುಮರೆಯಿಲ್ಲದೆ ಹೇಳಿದಳು. ಪಿಯುಸ್ ಬಾಯಿ ತೆರೆದುಕೊಂಡು ಕೂತ. ಹೆಂಡತಿ ಪಕ್ಕದಲ್ಲೇ ಮಲಗಿ ಇಷ್ಟು ವರ್ಷ ನುಂಗಿದ್ದು ತನಗೆ ಗೊತ್ತೇ ಆಗಲಿಲ್ಲವಲ್ಲ ಎಂಬುದೇ ಅವನಿಗೆ ದೊಡ್ಡ ಪೆಟ್ಟು. ಆನ್ಸನ್ ಮಾತ್ರ ಕರಗಲಿಲ್ಲ.

"ಎಲ್ಲ ಹೇಳಿ ಆಯ್ತಾ? ಆಶ್ರಮದ ಬೆಡ್ ನಾನು ಬೇಡ ಅಂತ ಹೇಳುವುದಿಲ್ಲ."

"ಹೇಳ್ಬೇಡ. ಮುಂದಿನ ತಿಂಗಳ ಕೊನೆಗೆ ತಾನೇ? ಅಷ್ಟರವರೆಗೆ ನನಗೆ ಬಿಡು. ನಾನು ಸರಿಯಾಗ್ಲಿಲ್ಲ ಅಂದ್ರೆ ನಿನ್ನ ವಡ್ಲಿಮಾಂಯ್‌ಯ ಬಟ್ಟೆ ನಾನೇ ಮಡಚಿ ಕೊಡ್ತೇನೆ."

"ಅಷ್ಟು ದಿನ ಇಂಜೆಕ್ಷನ್ ಕೊಡುವುದು ಯಾರು?"

"ಟಾನ್ಯಾ," ಎಂದಳು ಡಾಲಿ.

ಟಾನ್ಯಾಳ ಕೈಯಿಂದ ರೊಟ್ಟಿ ಜಾರಿತು. "ನಾನಾ? ಮಮ್ಮಿ, ರಕ್ತ ನೋಡಿದ್ರೆ ನನಗೆ ತಲೆ ತಿರುಗ್ತದೆ!"

"ರಕ್ತ ಬರುವುದಿಲ್ಲ, ಬಂದ್ರೆ ನೀನು ಕೊಟ್ಟದ್ದು ತಪ್ಪು. ನಾಳೆಯಿಂದ ಕಲಿ."

ಆ ತಿಂಗಳು ಮನೆಯಲ್ಲಿ ಎಲ್ಲ ತಲೆಕೆಳಗು. ಬೆಳಗ್ಗೆ ಡಾಲಿ ಕೈ ಹಿಂದೆ ಕಟ್ಟಿಕೊಂಡು ನಿಂತು, ಸೊಸೆಗೆ ಪಾಠ ಹೇಳುವುದು. ಸಂಜೆ ಟಾನ್ಯಾ ತುಂಡು ಮಾಡಿದ ಮಾತ್ರೆಯನ್ನು ಡಾಲಿಯ ಅಂಗೈಗೆ ಹಾಕಿ, ನುಂಗುವವರೆಗೆ ಎದುರು ನಿಲ್ಲುವುದು. ಒಬ್ಬಳಿಗೆ ಇನ್ನೊಬ್ಬಳು ಗುರು. ಮೊದಲ ದಿನ ಟಾನ್ಯಾ ಸೂಜಿ ಹಿಡಿದು ಕಣ್ಣು ಮುಚ್ಚಿಕೊಂಡಳು.

"ಕಣ್ಣು ತೆರೆ! ಅಜ್ಜಿಗೆ ಚುಚ್ಚುವುದಾ ಹಾಸಿಗೆಗೆ ಚುಚ್ಚುವುದಾ?"

"ಮಮ್ಮಿ, ಬೊಬ್ಬೆ ಹಾಕ್ಬೇಡಿ, ಕೈ ನಡುಗ್ತದೆ."

"ಗಾಳಿಗುಳ್ಳೆ ಉಂಟು ನೋಡು. ಬೆರಳಲ್ಲಿ ತಟ್ಟು. ಹಾಗಲ್ಲ, ಮಾವಿನಹಣ್ಣು ಒತ್ತಿ ನೋಡಿದ ಹಾಗೆ ಎಂತಕ್ಕೆ ಒತ್ತುವುದು?"

ಸೆರಫಿನಾ ಬಾಯಿ ಮಲಗಿದಲ್ಲಿಂದಲೇ, "ಇಬ್ಬರೂ ಸೇರಿ ನನ್ನನ್ನು ಜರಡಿ ಮಾಡುವ ಮೊದಲು ಒಬ್ಬಳು ಯಾರಾದರೂ ಚುಚ್ಚಿ ಮಾರಾಯ್ತಿ," ಎಂದಳು. ಟಾನ್ಯಾ ಚುಚ್ಚಿದಳು. ಆಮೇಲೆ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತು ನೀರು ಕುಡಿದಳು. ಅಂದು ಆಫೀಸಿಗೆ ತಡವಾಗಿ ಬೈಸಿಕೊಂಡದ್ದು ಬೇರೆ.

ಮಾತ್ರೆ ಇಳಿದಂತೆ ಡಾಲಿಯ ಸಿಟ್ಟು ಏರಿತು. ನಿದ್ದೆಯಿಲ್ಲ. ಕುಕ್ಕರಿನ ಸೀಟಿ ಕೇಳಿದರೆ ಬೆಚ್ಚಿ ಬೀಳುವಳು. ಮನೋಳಿ ಹೆಚ್ಚುತ್ತ ಕೂತರೆ ಹೆಚ್ಚಿದ್ದು ಸಾಲದು ಎಂದು ಬೀನ್ಸನ್ನೂ ಹೆಚ್ಚಿಹಾಕುವಳು. ಪಿಯುಸ್ ಟೀವಿ ದೊಡ್ಡದು ಮಾಡಿದ್ದಕ್ಕೆ ರಿಮೋಟನ್ನು ಅಕ್ಕಿ ಡಬ್ಬಿಯೊಳಗೆ ಹಾಕಿ ಮುಚ್ಚಿದಳು. ಅವನು ಮೊದಮೊದಲು ಗೊಣಗಿದ. ಮತ್ತೆ ಒಂದು ದಿನ ತಾನಾಗಿ ಕುಚ್ಚಲಕ್ಕಿ ತೊಳೆದು ಒಲೆಗಿಟ್ಟ.

"ನಿಮಗೆ ಅನ್ನ ಮಾಡ್ಲಿಕ್ಕೆ ಬರ್ತದಾ?" ಎಂದು ಕೇಳಿದಳು ಡಾಲಿ.

"ನೀನು ಕುವೈಟಿನಲ್ಲಿದ್ದಾಗ ಮಾಂಯ್‌ಗೆ ಜ್ವರ ಬಂದ್ರೆ ಮತ್ತೆ ಯಾರು ಮಾಡಿದ್ದು? ನೀನು ಬಂದೆ ಅಂತ ಬಿಟ್ಟೆ." ಅವನು ಸೌಟು ತಿರುಗಿಸಿದ. "ಅವತ್ತು ಬಿಸಾಡಿದ್ದು ನಂದು ತಪ್ಪು ಡಾಲಿ. ಹೆದರಿಕೆಯಾಯ್ತು ನನಗೆ."

ಡಾಲಿ ಅವನ ಬೆನ್ನಿಗೆ ತಲೆಯಿಟ್ಟು ಅತ್ತುಬಿಟ್ಟಳು. ಗಂಜಿ ಉಕ್ಕಿತು, ಇಬ್ಬರೂ ಸೇರಿ ಒಲೆ ಒರೆಸಿದರು.

ನಡುವೆ ಗ್ಲೆನ್ ಒಂದು ದಿನ ಬೈಕಿನಲ್ಲಿ ಬಂದ. ಟಾನ್ಯಾ ಫೋನಿನಲ್ಲಿ ಅವನಿಗೆ ಚೆನ್ನಾಗಿ ಮಂಗಳಾರತಿ ಎತ್ತಿದ್ದಳು. "ಆಂಟಿ, ನನಗೆ ಗೊತ್ತಿರ್ಲಿಲ್ಲ..." ಎಂದು ತಲೆ ಕೆರೆದ.

"ನಿನಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಇನ್ನು ನಾನು ಕಾಲು ಹಿಡಿದ್ರೂ ಚೀಟಿ ಇಲ್ಲದೆ ಕೊಡ್ಬೇಡ. ನನಗೆ ಮಾತ್ರ ಅಲ್ಲ, ಯಾವ ಆಂಟಿಗೂ ಕೊಡ್ಬೇಡ."

ಖತೀಜಮ್ಮ ಒಂದು ಸಂಜೆ ಮೊಣಕಾಲಿನ ಮಾತ್ರೆಯ ಚೀಟಿ ಹಿಡಿದು ಬಂದಾಗ, ಡಾಲಿ ಗೇಟಿನಲ್ಲೇ ನಿಂತು, "ನೀವು ಈಗ ತಗೊಳ್ಳುವ ಎಲ್ಲ ಮಾತ್ರೆ ಒಂದು ಚೀಲದಲ್ಲಿ ಹಾಕಿ ಡಾಕ್ಟರಿಗೇ ತೋರಿಸಿ. ನನ್ನನ್ನು ಕೇಳ್ಬೇಡಿ," ಎಂದಳು.

"ನಿಮ್ಮ ಕುತ್ತಿಗೆ ನೋವು ಹೇಗುಂಟು?" ಎಂದು ಕೇಳಿದಳು ಖತೀಜಮ್ಮ.

"ಕುತ್ತಿಗೆ ಅಲ್ಲ ಖತೀಜಮ್ಮ. ಮನಸ್ಸು. ಮನಸ್ಸಿಗೆ ಮದ್ದು ತಗೊಳ್ತಾ ಇದ್ದೇನೆ."

ಖತೀಜಮ್ಮ ಅವಳ ಕೈ ಹಿಡಿದುಕೊಂಡು, "ಅಲ್ಲಾ, ಮೊದಲೇ ಹೇಳ್ಬಾರದಿತ್ತಾ?" ಎಂದಳು. ತನ್ನ ನಾದಿನಿಯೂ ತಗೊಳ್ಳುತ್ತಾಳೆ ಎಂದು ಮೆಲ್ಲಗೆ ಸೇರಿಸಿದಳು.

ತುಂಬ ಕಷ್ಟವಾದದ್ದು ಒಂದು ಗುರುವಾರ. ಪಿಯುಸ್ ಶಾಪಿಗೆ ಹೋಗಿದ್ದ, ಅತ್ತೆ ಮಲಗಿದ್ದಳು. ಹಳೆಯ ಬ್ಯಾಗು ಬಿಸಿಲಿಗಿಡಲು ಹೊರಟ ಡಾಲಿಯ ಕೈಗೆ ಒಳಗಿನ ಜಿಪ್ಪಿನಲ್ಲಿ ಇನ್ನೊಂದು ಸ್ಟ್ರಿಪ್ಪು ಸಿಕ್ಕಿತು. ತುಂಬಿದ್ದು. ಯಾರು ನೋಡುತ್ತಾರೆ? ಅರ್ಧ ನುಂಗಿದರೆ ಈ ಎದೆಬಡಿತ ನಿಲ್ಲುತ್ತದೆ, ಒಂದು ತಾಸು ನಿದ್ದೆ ಬರುತ್ತದೆ. ಬೆರಳು ಗುಳಿಯ ಮೇಲೆ ಒತ್ತಿಯೂ ಆಗಿತ್ತು. ಅವಳು ಇನ್ನೊಂದು ಕೈಯಲ್ಲಿ ಫೋನು ಎತ್ತಿದಳು.

"ಟಾನ್ಯಾ, ನನ್ನ ಬ್ಯಾಗಿನಲ್ಲಿ ಇನ್ನೊಂದು ಸಿಕ್ಕಿತು."

"ಎಲ್ಲಿದ್ದೀರಿ ನೀವು?"

"ಮನೆಯಲ್ಲೇ. ಫೋನ್ ಇಡಬೇಡ. ಇಟ್ರೆ ನಾನು ನುಂಗ್ತೇನೆ."

"ಮಮ್ಮಿ, ನನ್ನೆದುರು ಕಸ್ಟಮರ್ ಇದ್ದಾರೆ..."

"ಇರ್ಲಿ. ನೀನು ಅವರ ಹತ್ರ ಮಾತಾಡು, ನಾನು ಕೇಳ್ತೇನೆ. ಇಡಬೇಡ ಅಷ್ಟೇ."

ಟಾನ್ಯಾ ಇಡಲಿಲ್ಲ. ಡಾಲಿ ಸ್ಟ್ರಿಪ್ಪನ್ನು ಕಿಟಕಿಯ ಮೇಲಿಟ್ಟು, ಫೋನನ್ನು ಸಾಂಬಾರ ಡಬ್ಬಿಗೆ ಒರಗಿಸಿ, ಬಂಗುಡೆ ಶುಚಿ ಮಾಡಲು ಕೂತಳು. ಆ ಕಡೆಯಿಂದ ಕಾರಿನ ಪಾಲಿಸಿ, ಕಂತು, ನಾಮಿನಿ ಎಂದೆಲ್ಲ ಕೇಳಿಬರುತ್ತಿತ್ತು. ಡಾಲಿ ಕಿವಿರು ಕಿತ್ತಳು, ತಲೆ ಬೇರೆ ಮಾಡಿದಳು, ಉಪ್ಪು ಹುಳಿ ಹಚ್ಚಿದಳು. ಅರ್ಧ ದಿನದ ರಜೆ ಹಾಕಿ ಟಾನ್ಯಾ ರಿಕ್ಷಾದಲ್ಲಿ ಬಂದಿಳಿಯುವವರೆಗೂ ಫೋನು ಕಟ್ಟಾಗಲಿಲ್ಲ. ಬಂದವಳು ಸ್ಟ್ರಿಪ್ಪು ತೆಗೆದು ತನ್ನ ಬ್ಯಾಗಿಗೆ ಹಾಕಿ, ಮೀನು ಹುರಿಯಲು ಕಾವಲಿ ಇಟ್ಟಳು.

ಆನ್ಸನ್ ಇದನ್ನೆಲ್ಲ ನೋಡುತ್ತಿದ್ದ, ನೋಡದವನಂತೆ ಇರುತ್ತಿದ್ದ. ಗುರುವಾರದ ಕಥೆಯನ್ನು ಹೆಂಡತಿಯ ಬಾಯಿಂದ ಕೇಳಿದ ಮೇಲೆ ಮಾತ್ರ ಅವನು ಊಟದ ಹೊತ್ತಿಗೆ ತಾಯಿಯ ತಟ್ಟೆಗೆ ಮೀನಿನ ದೊಡ್ಡ ತುಂಡು ಹಾಕಿದ. ಡಾಲಿ ಅದನ್ನು ತಿಂದಳು.

ಮರುತಿಂಗಳ ಕೊನೆಗೆ ಆಶ್ರಮದಿಂದ ಫೋನು ಬಂತು, ಬೆಡ್ ತಯಾರುಂಟು ಎಂದು. ಅಷ್ಟರೊಳಗೆ ಡಾಲಿಯ ಮಾತ್ರೆ ಚೂರಿನ ಚೂರಿಗೆ ಇಳಿದಿತ್ತು, ಇನ್ನೂ ಪೂರ್ತಿ ಬಿಟ್ಟಿರಲಿಲ್ಲ. ಹಗಲು ತೂಕಡಿಕೆಯಿರಲಿಲ್ಲ, ನಾಲಗೆ ತೊದಲುತ್ತಿರಲಿಲ್ಲ. ಡಾಕ್ಟರಮ್ಮ ಎದುರು ಕೂರಿಸಿ ಏನೇನೋ ಕೇಳಿ, ನಡೆಸಿ ನೋಡಿ, ಇನ್ನು ಸೂಜಿ ಕೊಡಬಹುದು ಎಂದಿದ್ದರು.

"ವಡ್ಲಿಮಾಂಯ್, ನಿನಗೆ ಎಂತ ಅನ್ನಿಸ್ತದೆ?" ಎಂದು ಆನ್ಸನ್ ಕೊನೆಗೂ ಕೇಳಿದ.

"ಈಗಲಾದರೂ ಕೇಳಿದಿಯಲ್ಲ!" ಸೆರಫಿನಾ ಬಾಯಿ ದಿಂಬಿಗೆ ಒರಗಿ ಕೂತಳು. "ಅವತ್ತು ನಾನು ಹೇಳಿದೆ ಕೊಟ್ಟಾಯ್ತು ಅಂತ. ಇವಳು ಕೇಳ್ಲಿಲ್ಲ. ನನಗೆ ಗೊತ್ತಿದ್ದೂ ನಾನು ಹೊಟ್ಟೆ ತೋರಿಸಿದೆ, ನರ್ಸ್ ಹೇಳಿದ್ದಲ್ಲವಾ ಅಂತ. ಬುದ್ಧಿ ನನಗೂ ಇರ್ಲಿಲ್ಲ. ಇನ್ನು ನಾನು ಹೇಳಿದ್ದು ಇವಳು ಕೇಳುವುದಾದ್ರೆ ನಾನು ಎಲ್ಲಿಗೂ ಹೋಗುವುದಿಲ್ಲ."

"ಕೇಳ್ತೇನೆ ಮಾಂಯ್," ಎಂದಳು ಡಾಲಿ.

ಆನ್ಸನ್ ಹೊರಗೆ ಹೋಗಿ ಫೋನು ಮಾಡಿ, ಬೆಡ್ ಬೇಡ ಎಂದು ಹೇಳಿ ಬಂದ.

ಮರುದಿನ ಬೆಳಗ್ಗೆ ಟಾನ್ಯಾ ಇನ್ಸುಲಿನ್ನಿನ ಟ್ರೇಯನ್ನು ತಂದು ಡಾಲಿಯ ಎದುರು ಇಟ್ಟಳು. ಡಾಲಿ ಸೋಪು ಹಚ್ಚಿ ಕೈ ತೊಳೆದಳು. ಸೀಸೆಯನ್ನು ಅಂಗೈಗಳ ನಡುವೆ ಹೊರಳಿಸಿ, ಸೂಜಿ ಚುಚ್ಚಿ, ಮದ್ದು ಎಳೆದು, ಬೆಳಕಿಗೆ ಹಿಡಿದಳು. ಕೈ ಅಲುಗಲಿಲ್ಲ. ಸೆರಫಿನಾ ಬಾಯಿ ಸೆರಗು ಸರಿಸಿದಳು. ಆದರೆ ಡಾಲಿ ಬಗ್ಗಲಿಲ್ಲ, ಬಾಗಿಲ ಕಡೆ ತಿರುಗಿದಳು.

"ಆನ್ಸನ್, ಇಲ್ಲಿ ಬಾ."

ಕೆಲಸಕ್ಕೆ ಹೊರಟು ಬೂಟಿನ ಲೇಸು ಕಟ್ಟುತ್ತಿದ್ದವನು ಎದ್ದು ಬಂದ.

"ಎಷ್ಟು ಉಂಟು, ಓದು."

"ನಾನು ಎಂತಕ್ಕೆ? ನನಗೆ ನಿನ್ನ ಮೇಲೆ ನಂಬಿಕೆ ಉಂಟು ಮಮ್ಮಿ."

ಆ ಮಾತಿಗಾಗಿ ಡಾಲಿ ಇಷ್ಟು ವರ್ಷವೂ ಕಾದಿದ್ದಳು. ಕಣ್ಣಲ್ಲಿ ನೀರು ತುಂಬಿತು. ಆದರೂ ಸಿರಿಂಜನ್ನು ಅವನ ಮುಖದ ಹತ್ತಿರಕ್ಕೇ ಹಿಡಿದಳು.

"ನಂಬಿದ್ದರಿಂದಲೇ ಅಲ್ಲವಾ ಅವತ್ತು ಹಾಗಾದದ್ದು? ನಂಬಿಕೆ ಬೇಡ ನನಗೆ. ದಿನಾ ಯಾರಾದರೊಬ್ಬರು ಓದ್ಬೇಕು, ಇವತ್ತು ನೀನು. ಮಾಂಯ್ ಹತ್ರವೂ ಕೇಳು, ಈಗಾಗಲೇ ಕೊಟ್ಟಾಗಿದೆಯಾ ಅಂತ."

"ಕೊಟ್ಟಾಗಿಲ್ಲ," ಎಂದಳು ಮುದುಕಿ, ಕೇಳುವ ಮೊದಲೇ.

ಆನ್ಸನ್ ಸೂಜಿಯ ಹೆದರಿಕೆ ನುಂಗಿಕೊಂಡು ಕಣ್ಣು ಅಗಲಿಸಿದ, ಬಗ್ಗಿ ಗೆರೆ ನೋಡಿದ. "ಹದಿನಾಲ್ಕು," ಎಂದ.

"ಜೋರಾಗಿ."

"ಹದಿನಾಲ್ಕು, ಮಮ್ಮಿ!"

ಡಾಲಿ ಅತ್ತೆಯ ಕಡೆ ಬಗ್ಗಿದಳು.